ಚೀಲ ಹೋಯಿತು, ಚೀಟಿ ಉಳಿಯಿತು: ಕಾಫಿ ಬೋರ್ಡ್ ಮತ್ತೆ ಕೊಳ್ಳುವುದಕ್ಕೆ ಬರಬೇಕೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮಗೆ 6 ಎಕರೆ ರೋಬಸ್ಟ ಕಾಫಿ ತೋಟವಿದೆ, ಮರಗಳಿಗೆ ಕರಿಮೆಣಸು ಹಬ್ಬಿಸಿದ್ದೇವೆ. 2024ರ ಫೆಬ್ರವರಿಯಲ್ಲಿ 70 ಚೀಲ ಚೆರಿಯನ್ನು (ಸಿಪ್ಪೆಸಮೇತ ಒಣಗಿಸಿದ ಕಾಫಿ) ಹನ್ನೆರಡು ವರ್ಷದ ಪರಿಚಯದ ವ್ಯಾಪಾರಿಯೊಬ್ಬರ ಗೋದಾಮಿಗೆ ರೇಟ್ ಮಾಡದೆ, ಅಂದರೆ ಬೆಲೆಯನ್ನು ಆಮೇಲೆ ಗೊತ್ತು ಮಾಡುವ ಮಾತಿನ ಮೇಲೆ, ಹಾಕಿದೆ. ಆಗ ಚೀಲಕ್ಕೆ 7 ಸಾವಿರದ ಆಸುಪಾಸು ಇತ್ತು. ಖರ್ಚಿಗೆಂದು 1 ಲಕ್ಷ ಮುಂಗಡ ಪಡೆದೆ. ರೇಟ್ 10 ಸಾವಿರ ದಾಟಿದಾಗ ಲೆಕ್ಕ ಮಾಡಿ ಎಂದು ಹೋದರೆ, ಮುಂದಿನ ವಾರ, ಮುಂದಿನ ತಿಂಗಳು ಎಂದು ಸಾಗಹಾಕಿದರು. ಕೊನೆಗೆ ಕೊಟ್ಟ 2 ಲಕ್ಷದ ಚೆಕ್ ಎರಡು ವಾರದ ಹಿಂದೆ ಬೌನ್ಸ್ ಆಗಿದೆ. ಈಗ ಅಂಗಡಿಗೆ ಬೀಗ. ನನ್ನ ಕೈಯಲ್ಲಿರುವುದು ತೂಕದ ಚೀಟಿಗಳು ಮಾತ್ರ. ‘ಬೋರ್ಡೇ ಕೊಳ್ಳುತ್ತಿದ್ದ ಕಾಲದಲ್ಲಿ ಇಂಥದ್ದು ನಡೆಯುತ್ತಿರಲಿಲ್ಲ, 1996ರಲ್ಲಿ ಸರ್ಕಾರ ಕೈಬಿಟ್ಟದ್ದೇ ತಪ್ಪು’ ಎನ್ನುತ್ತಾರೆ 84 ವರ್ಷದ ನನ್ನ ತಂದೆ. ಬೆಂಗಳೂರಿನಲ್ಲಿರುವ ಮಗ, ‘ಸರ್ಕಾರ ದೂರವಿದ್ದಷ್ಟೂ ಒಳ್ಳೆಯದು, ಇದು ಒಬ್ಬನ ದುರಾಸೆ ಅಷ್ಟೆ’ ಎನ್ನುತ್ತಾನೆ. ತೋಟದ ಮೇಲಿನ ಗುಡ್ಡಕ್ಕೆ ಹೊರಗಿನವರೊಬ್ಬರು ಒಳ್ಳೆಯ ಬೆಲೆ ಕೇಳಿದ್ದಾರೆ, ಕೊಟ್ಟು ಸಾಲ ತೀರಿಸೋಣ ಎನ್ನುವುದೂ ಅವನ ಮಾತೇ. ಹಣ ವಾಪಸ್ ಬರುತ್ತದೆಯೇ? ಸರ್ಕಾರ ಮತ್ತೆ ಕಾಫಿ ಕೊಳ್ಳಬೇಕು ಎಂದು ನಾವು ಹೋರಾಡಬೇಕೇ? — ಬೆಳೆಗಾರ, ಕೊಡಗು

ಉತ್ತರ: ಮೊದಲು ಚೆಕ್ಕಿನ ಮಾತು. ಉಳಿದದ್ದಕ್ಕೆ ಸಮಯವಿದೆ, ಇದಕ್ಕೆ ದಿನಗಳ ಲೆಕ್ಕವಿದೆ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ನಿಮ್ಮ ಕೈಗೆ ಬಂದ 30 ದಿನದೊಳಗೆ ವ್ಯಾಪಾರಿಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು. ಚೆಕ್ ಬೌನ್ಸಿಗೆ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡರಷ್ಟು ಮೊತ್ತದವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ನೀವು ಎರಡು ವಾರ ಆಗಲೇ ಕಳೆದಿದ್ದೀರಿ. ‘ಪಾಪ, ಹಳೆಯ ಪರಿಚಯ, ಇನ್ನೊಂದು ಸಲ ಮಾತಾಡಿ ನೋಡೋಣ’ ಎಂದು ಕಾಯಬೇಡಿ. ನೋಟಿಸ್ ಕಳಿಸಿದ ಮೇಲೂ ಮಾತಾಡಬಹುದು. ಅವಧಿ ಮೀರಿದ ಮೇಲೆ ಕಳಿಸಿದ ನೋಟಿಸಿಗೆ ಬಲವಿಲ್ಲ.

ಇನ್ನು ದೊಡ್ಡ ಪ್ರಶ್ನೆ. ಬ್ಯಾಂಕೊಂದರ ಕೃಷಿ ಸಾಲ ವಿಭಾಗದಲ್ಲಿ, ಬಹುಪಾಲು ಕೊಡಗಿನಲ್ಲೇ, ಮೂರು ದಶಕ ಕೆಲಸ ಮಾಡಿದವನು ನಾನು. ನಿಮ್ಮ ತಂದೆ ನೆನೆಯುವ ಕಾಲವನ್ನೂ ನಿಮ್ಮ ಮಗ ಮೆಚ್ಚುವ ಕಾಲವನ್ನೂ ಸಾಲದ ಕಡತಗಳ ಮೂಲಕ ನೋಡಿದ್ದೇನೆ. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ನಿಮ್ಮ 70 ಚೀಲ ಎಲ್ಲಿ ಹೋಯಿತು ಎಂಬುದಕ್ಕೆ ಇಬ್ಬರ ಬಳಿಯೂ ಉತ್ತರವಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ರೇಟ್ ಮಾಡದೆ ಹಾಕಿದ ಕಾಫಿ ಗೋದಾಮಿನಲ್ಲಿ ನಿಮಗಾಗಿ ಕಾದು ಕೂತಿರುತ್ತದೆ ಎಂದು ಬಹಳ ಬೆಳೆಗಾರರು ನಂಬಿದ್ದಾರೆ. ಹಾಗೆ ಕೂತಿರುವುದು ಅಪರೂಪ. ಅದು ಅದೇ ವಾರ ಬೇರೆಯವರ ಚೀಲಗಳ ಜೊತೆ ಬೆರೆತು ಲಾರಿ ಹತ್ತಿರುತ್ತದೆ. ಒಂದು ಉದಾಹರಣೆ ನೋಡಿ. ವ್ಯಾಪಾರಿಯೊಬ್ಬ ಫೆಬ್ರವರಿಯಲ್ಲಿ ಹೀಗೆ 1,000 ಚೀಲ ಸೇರಿಸಿಕೊಂಡು, 7 ಸಾವಿರದಂತೆ ಮಾರಿ 70 ಲಕ್ಷ ಪಡೆದ ಎನ್ನಿ. ಆ ಹಣ ಬೇರೆ ಬೆಳೆಗಾರರ ಬಾಕಿಗೋ ಹೊಸ ಲಾರಿಗೋ ಹೋಯಿತು. ರೇಟ್ 10 ಸಾವಿರಕ್ಕೆ ಏರಿದ ದಿನ ಆ ಸಾವಿರ ಚೀಲದವರೆಲ್ಲ ಲೆಕ್ಕ ಕೇಳಲು ಬಂದರೆ ಅವನು ಕೊಡಬೇಕಾದದ್ದು 1 ಕೋಟಿ. 30 ಲಕ್ಷದ ಕಂದಕ! ಅವನು ಕದ್ದಿದ್ದಾನೆ ಎಂದೇನೂ ಇಲ್ಲ, ಬೆಲೆ ಇಳಿಯುತ್ತದೆ ಅಥವಾ ಹೀಗೇ ಇರುತ್ತದೆ ಎಂದು ನಿಮ್ಮ ಕಾಫಿಯ ಮೇಲೆ ಪಣ ಕಟ್ಟಿ ಸೋತಿದ್ದಾನೆ. ನೀವು ಬೆಲೆ ಏರುತ್ತದೆ ಎಂದು ಪಣ ಕಟ್ಟಿ ಗೆದ್ದಿರಿ. ಆದರೆ ಗೆದ್ದ ಹಣ ಕೊಡಬೇಕಾದವನೇ ಸೋತವನು.

ಹಾಗಾಗಿಯೇ ವ್ಯಾಪಾರಿಗಳು ಬೀಗ ಹಾಕುವುದು ಬೆಲೆ ಬಿದ್ದಾಗ ಮಾತ್ರ ಅಲ್ಲ, ಬೆಲೆ ಏರುವಾಗಲೂ. 2024ರಲ್ಲಿ ವಿಯೆಟ್ನಾಂನ ಬರದಿಂದಾಗಿ ರೋಬಸ್ಟ ಕೊರತೆಯಾಗಿ, ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. ಎಲ್ಲರೂ ಸಿಹಿ ಹಂಚಿದ ಆ ವರ್ಷವೇ ನಿಮ್ಮಂಥವರ ಚೀಟಿಗಳು ಬರೀ ಕಾಗದವಾದವು.

ಇದನ್ನು ದುರಾಸೆ ಎಂದು ಕರೆದರೆ ನನ್ನ ತಕರಾರಿಲ್ಲ. ‘ಅತಿ ಆಸೆ ಗತಿ ಕೇಡು’ ಎಂಬ ಗಾದೆ ಕಾಫಿಗಿಂತ ಹಳೆಯದು. ಆದರೆ ಆಸೆ 1996ರಲ್ಲಿ ಹುಟ್ಟಿದ್ದಲ್ಲ. ಇನ್ನು ಸ್ವಲ್ಪ ಏರಲಿ ಎಂದು ನೀವು ಕಾದದ್ದೂ ಆಸೆಯೇ, ಅದರಲ್ಲಿ ತಪ್ಪಿಲ್ಲ. ನಾನು ಕೇಳುವುದು ಇಷ್ಟೇ: ಪಣ ಕಟ್ಟಿದ ವ್ಯಾಪಾರಿ ಸೋತಾಗ ಆ ನಷ್ಟ ಯಾರ ಅಂಗಳಕ್ಕೆ ಬಂದು ಬೀಳುತ್ತದೆ? ಇಲ್ಲಿ ಅದು ಬಿದ್ದದ್ದು ನಿಮ್ಮ ಕಣದಲ್ಲಿ. ಅವನ ಗೋದಾಮು ಬ್ಯಾಂಕಿಗೆ ಅಡವಾಗಿದ್ದರೆ ಬ್ಯಾಂಕಿನ ಸಾಲ ಮೊದಲು, ನೀವು ಸಾಲಿನ ಕೊನೆಯಲ್ಲಿ. ನಾನು ಆ ಮೊದಲನೆಯ ಸಾಲಿನಲ್ಲಿ ಕೂತು ಕೆಲಸ ಮಾಡಿದವನು. ಸರಕಿನ ದಾಸ್ತಾನು ತೋರಿಸಿ ವ್ಯಾಪಾರಿ ಸಾಲ ಕೇಳಿದಾಗ, ಆ ಚೀಲಗಳಲ್ಲಿ ಎಷ್ಟು ಇನ್ನೂ ಹಣ ಸಿಗದ ಬೆಳೆಗಾರರದ್ದು ಎಂದು ನಾವು ಕೇಳುತ್ತಿದ್ದದ್ದು ಬಹಳ ಕಡಿಮೆ. ಕೇಳಬೇಕಿತ್ತು.

ಈಗ ನಿಮ್ಮ ತಂದೆಯ ಕಾಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರಿಲ್ಲದಾದಾಗ 1940ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, 1942ರಲ್ಲಿ ಅದು ಕಾಯ್ದೆಯಾಯಿತು. ಬೆಳೆಗಾರ ಮನೆ ಬಳಕೆಗೆ, ಬಿತ್ತನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಪೂಲಿಗೆ, ಅಂದರೆ ಎಲ್ಲರ ಕಾಫಿ ಸೇರುವ ಬೋರ್ಡಿನ ರಾಶಿಗೆ ಕೊಡಬೇಕು, ಬೋರ್ಡ್ ಮಾರಬೇಕು. ಯುದ್ಧಕಾಲಕ್ಕೆಂದು ತಂದ ಏರ್ಪಾಡು ಐವತ್ತು ವರ್ಷ ನಡೆಯಿತು. ಅದರಲ್ಲಿ ಎರಡು ದೊಡ್ಡ ಗುಣಗಳಿದ್ದವು. ಕೊಂಡವನು ಓಡಿಹೋಗುತ್ತಿರಲಿಲ್ಲ. 6 ಎಕರೆಯವನಿಗೂ 600 ಎಕರೆಯವನಿಗೂ ಒಂದೇ ದರ್ಜೆಯ ಕಾಫಿಗೆ ಒಂದೇ ಪಾಯಿಂಟ್ ಲೆಕ್ಕ, ಅಂದರೆ ಪೂಲಿನ ಆದಾಯದಲ್ಲಿ ಒಂದೇ ದರದ ಪಾಲು, ಸಿಗುತ್ತಿತ್ತು.

ನಿಮ್ಮ ತಂದೆ ಉಳಿದದ್ದನ್ನು ಮರೆತಿರಬಹುದು, ನೆನಪು ಅಂಥದ್ದನ್ನು ಬೇಗ ಬಿಟ್ಟುಕೊಡುತ್ತದೆ. ಪಾಯಿಂಟಿನ ಹಣ ಕಂತು ಕಂತಾಗಿ ಬರುತ್ತಿತ್ತು. ಈ ವರ್ಷ ಕೊಯ್ದ ಕಾಫಿಯ ಕೊನೆಯ ಕಂತಿಗೆ ವರ್ಷಗಟ್ಟಲೆ ಕಾಯಬೇಕಿತ್ತು, ಅಷ್ಟರಲ್ಲಿ ಗೊಬ್ಬರಕ್ಕೂ ಮದುವೆಗೂ ಸಾಲವಾಗಿ ಆ ಕಂತು ಬಡ್ಡಿಗೇ ಹೋಗುತ್ತಿತ್ತು. ಸ್ವಂತ ತೋಟದ ಕಾಫಿ ಸಾಗಿಸಲೂ ಪರ್ಮಿಟ್ ಬೇಕಿತ್ತು. ನೀವು ಚೆನ್ನಾಗಿ ಸಂಸ್ಕರಿಸಿದ ಕಾಫಿ ಯಾರ ಹೆಸರೂ ಇಲ್ಲದ ರಾಶಿಗೆ ಸೇರುತ್ತಿತ್ತು. ಯಾರಿಗೆ ಎಷ್ಟಕ್ಕೆ ಮಾರಬೇಕೆಂದು ತೀರ್ಮಾನಿಸುತ್ತಿದ್ದವರಿಗೆ ಆ ಬೆಲೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಹಳಷ್ಟು ಕಾಫಿ ರೂಪಾಯಿ ವ್ಯವಹಾರದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. 1989ರ ಜುಲೈನಲ್ಲಿ ದೇಶ ದೇಶಕ್ಕೆ ರಫ್ತಿನ ಪಾಲು ಹಂಚಿ ಬೆಲೆ ಹಿಡಿದಿಡುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೂಲ್ ನಿಂತಿದ್ದ ಎರಡು ಕಂಬಗಳೂ ಹೀಗೆ ಹೋದವು. ಮುಕ್ತ ಮಾರಾಟ ಬೇಕೆಂದು ಬೀದಿಗಿಳಿದವರು ಬೆಳೆಗಾರರೇ ಎಂಬುದನ್ನೂ ನೆನಪಿಡಬೇಕು. ದಿಲ್ಲಿಯಲ್ಲಿ ಯಾರೋ ಒಬ್ಬರು ನಮ್ಮ ಮೇಲೆ ಹೇರಿದ್ದಲ್ಲ ಅದು. 1992–93ರಲ್ಲಿ ಶೇ 30ರಷ್ಟನ್ನು ದೇಶದೊಳಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು, ಆಮೇಲೆ ಅರ್ಧ ಬೆಳೆಗೆ, ಆಮೇಲೆ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರಲ್ಲಿ ಎಲ್ಲರಿಗೂ.

ಬಾಗಿಲು ತೆರೆದ ಗಳಿಗೆ ಚೆನ್ನಾಗಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಸುಟ್ಟಿತು, ಜಗತ್ತಿನ ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟು ದಾಟಿತು. ಆ ಮೂರು ನಾಲ್ಕು ವರ್ಷ ನಮ್ಮ ಶಾಖೆಗೆ ಸಾಲ ಕೇಳಿ ಬರುವವರಿಗಿಂತ ಸಾಲ ಕೊಡುತ್ತೇವೆ ಎಂದು ತೋಟಕ್ಕೆ ಹೋಗುತ್ತಿದ್ದ ನಮ್ಮ ಓಡಾಟವೇ ಹೆಚ್ಚಿತ್ತು. ಜೀಪಿಗೆ, ಪಂಪ್‌ಸೆಟ್ಟಿಗೆ, ಪಕ್ಕದ ತೋಟ ಕೊಳ್ಳುವುದಕ್ಕೆ ಸಾಲ. ಕಾಫಿಯ ಆ ದಿನದ ಬೆಲೆಯನ್ನೇ ಹತ್ತು ವರ್ಷ ಮುಂದಕ್ಕೆ ಎಳೆದು ಮರುಪಾವತಿ ಪಟ್ಟಿ ಹಾಕಿದೆವು. ನಾನೂ ಸಹಿ ಹಾಕಿದ್ದೇನೆ.

ಅದೇ ವರ್ಷಗಳಲ್ಲಿ ವಿಯೆಟ್ನಾಂ ಗಿಡ ನೆಡುತ್ತಿತ್ತು. 1990ರಲ್ಲಿ 1 ಲಕ್ಷ ಟನ್ನಿಗಿಂತ ಕಡಿಮೆ ಬೆಳೆಯುತ್ತಿದ್ದ ಆ ದೇಶ 2000ದ ಹೊತ್ತಿಗೆ 9 ಲಕ್ಷ ಟನ್ನಿನ ಸಮೀಪಕ್ಕೆ ಬಂತು. 2001ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತಲೂ ಕೆಳಗೆ ಬಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರ ತೋಟಕ್ಕೆ ವಸೂಲಿಗೆಂದು ಹೋಗಿ, ಕೊಟ್ಟ ನೀರು ಕುಡಿದು, ಮಾತಾಡಲಾಗದೆ ಹಿಂದಿರುಗಿದ ದಿನಗಳು ನನಗೆ ಈಗಲೂ ಮರೆತಿಲ್ಲ. 2002ರಲ್ಲಿ ಬಾಕಿಗಳನ್ನೆಲ್ಲ ಸೇರಿಸಿ ವಿಶೇಷ ಅವಧಿ ಸಾಲ ಎಂದು ಮಾಡಿದರು, 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರದ ಪ್ಯಾಕೇಜ್ ಬಂತು. ಬೆಲೆ ಬಿದ್ದು ಒಂಬತ್ತು ವರ್ಷದ ಮೇಲೆ.

ನಡುವೆ ಇನ್ನೊಂದು ಪ್ರಯತ್ನ ನಡೆದಿತ್ತು, ಈಗ ಯಾರೂ ಅದರ ಸುದ್ದಿ ಎತ್ತುವುದಿಲ್ಲ. 2003ರಲ್ಲಿ ಕೇಂದ್ರ ಸರ್ಕಾರ ಚಹಾ, ಕಾಫಿ, ರಬ್ಬರ್, ತಂಬಾಕು ಬೆಳೆಯುವ 4 ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗೆಂದು 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ ಮಾಡಿತು. ಬೆಲೆ ಚೆನ್ನಾಗಿದ್ದ ವರ್ಷ ಬೆಳೆಗಾರ 1,000 ರೂಪಾಯಿ ಕಟ್ಟಬೇಕು, ಕೆಟ್ಟ ವರ್ಷ ಸರ್ಕಾರ ಅವನ ಖಾತೆಗೆ 1,000 ಹಾಕುತ್ತದೆ. ಸಾವಿರ ರೂಪಾಯಿ! 6 ಎಕರೆಯ ತೋಟದಲ್ಲಿ ಒಂದು ಸುತ್ತು ಚಿಗುರು ತೆಗೆಸಲೂ ಸಾಲದು. ಸೇರಿದವರೂ ಕಡಿಮೆ, ಹತ್ತು ವರ್ಷಕ್ಕೆ ಅದು ಮುಚ್ಚಿತು. ಯೋಚನೆ ಸರಿಯಿತ್ತು, ಮೊತ್ತ ನೋಡಿದರೆ ಮನಸ್ಸಿಟ್ಟು ಮಾಡಿದಂತಿರಲಿಲ್ಲ.

ನಿಮ್ಮ ಮಗ ‘ಒಬ್ಬನ ದುರಾಸೆ’ ಎನ್ನುತ್ತಾನಲ್ಲ, ಅವನಿಗೆ 2008ರ ಅಮೆರಿಕವನ್ನು ನೆನಪಿಸಿ. ತೀರಿಸಲಾಗದವರಿಗೆ ಮನೆ ಸಾಲ ಕೊಟ್ಟು, ಆ ಸಾಲವನ್ನೇ ಕಟ್ಟು ಕಟ್ಟಿ ಬೇರೆಯವರಿಗೆ ಮಾರಿದರು. ಸಾಲ ಕೊಟ್ಟವನಿಗೆ ಅದು ತೀರುತ್ತದೋ ಇಲ್ಲವೋ ಎಂಬ ಚಿಂತೆಯೇ ಉಳಿಯಲಿಲ್ಲ. ಸೆಪ್ಟೆಂಬರ್ 15ರಂದು ಅಲ್ಲಿನ ದೊಡ್ಡ ಹೂಡಿಕೆ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಬ್ಯಾಂಕುಗಳು ತಮ್ಮ ಹಿತಕ್ಕಾಗಿಯಾದರೂ ಎಚ್ಚರದಿಂದಿರುತ್ತವೆ ಎಂದು ನಂಬಿ ಬಿಗಿ ನಿಯಮ ಬೇಡವೆನ್ನುತ್ತಿದ್ದ, ಅಲ್ಲಿನ ಕೇಂದ್ರ ಬ್ಯಾಂಕಿನ ಮಾಜಿ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್, ತಮ್ಮ ಆ ನಂಬಿಕೆಯಲ್ಲಿ ದೋಷವಿತ್ತು ಎಂದು ಅದೇ ಅಕ್ಟೋಬರ್‌ನಲ್ಲಿ ಸಂಸತ್ ಸಮಿತಿಯ ಮುಂದೆ ಒಪ್ಪಿಕೊಂಡರು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಅದಕ್ಕೂ ಮೊದಲೇ, 2005ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ, ವಾಣಿಜ್ಯ ಕಟ್ಟಡಗಳ ಸಾಲದ ಮೇಲಿನ ಅಪಾಯದ ತೂಕವನ್ನು ಶೇ 100ರಿಂದ 125ಕ್ಕೆ, ಅಲ್ಲಿಂದ 150ಕ್ಕೆ ಏರಿಸಿತ್ತು. ಅಂದರೆ ಅಂಥ ಸಾಲ ಕೊಡುವ ಬ್ಯಾಂಕ್ ತನ್ನ ಸ್ವಂತ ಬಂಡವಾಳವನ್ನು ಹೆಚ್ಚು ಕಟ್ಟಿಡಬೇಕು. ಆಗ ನಮಗೆ ಕಿರಿಕಿರಿಯಾಗಿತ್ತು, ಬೆಳೆಯುವ ವ್ಯವಹಾರಕ್ಕೆ ಅಡ್ಡಗಾಲು ಎಂದು ಗೊಣಗಿದ್ದೆವು. 2008ರ ಚಳಿಗಾಲದಲ್ಲಿ ಯಾರೂ ಗೊಣಗಲಿಲ್ಲ. ರಿಸರ್ವ್ ಬ್ಯಾಂಕ್ ಕಟ್ಟಡ ಕೊಳ್ಳಲೂ ಇಲ್ಲ, ಚದರಡಿಗೆ ಇಷ್ಟೇ ದರ ಎಂದೂ ಹೇಳಲಿಲ್ಲ. ಪಣ ಕಟ್ಟುವವನು ತನ್ನ ದುಡ್ಡನ್ನೂ ಮೇಜಿನ ಮೇಲಿಡುವಂತೆ ಮಾಡಿತು.

ನಿಮ್ಮ ಪ್ರಕರಣದಲ್ಲಿ ಇಲ್ಲದ್ದು ಇದೇ. 1996ರಲ್ಲಿ ಸರ್ಕಾರ ಕೊಳ್ಳುವುದನ್ನು ಬಿಟ್ಟದ್ದು ಸರಿ ಎಂದೇ ನಾನು ಈಗಲೂ ಹೇಳುತ್ತೇನೆ. ಆದರೆ ಕೊಳ್ಳುವವನ ಕುರ್ಚಿಯಿಂದ ಎದ್ದ ಸರ್ಕಾರ, ಕೊಳ್ಳುವವರ ಮೇಲೆ ಕಣ್ಣಿಡುವವನ ಕುರ್ಚಿಯನ್ನೂ ಖಾಲಿ ಬಿಟ್ಟು ಹೋಯಿತು. ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಬೋರ್ಡಿನ ಪರವಾನಗಿ ಬೇಕು, ರಫ್ತುದಾರನಿಗೆ ನೋಂದಣಿ ಬೇಕು. ನಡುವೆ ನಿಂತು ನಿಮ್ಮ ಅಂಗಳದಿಂದ ಚೀಲ ಎತ್ತುವವನಿಂದ ಯಾರೂ ಠೇವಣಿ ಕೇಳುವುದಿಲ್ಲ.

ನಿಯಮವಿದ್ದರೂ ಕಾಯುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಮರಗಳ ಮೇಲಿನ ಕರಿಮೆಣಸೇ ಹೇಳುತ್ತದೆ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಮೂಲಕ ಸುಂಕದ ರಿಯಾಯಿತಿ ಪಡೆದು ಒಳಬರುತ್ತಿದೆ ಎಂಬ ಕೂಗೆದ್ದಾಗ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೂ ಮುಂದಿನ ಎರಡು ವರ್ಷ ನಮ್ಮ ಮೆಣಸು 400ರ ಕೆಳಗೇ ತೆವಳಿತು. ಬೇಲಿ ಹಾಕಿದರು, ಗೇಟಿನಲ್ಲಿ ನಿಲ್ಲುವವರು ಸಾಕಷ್ಟಿರಲಿಲ್ಲ. ಬಿಲ್ಲಿನಲ್ಲಿ ಬೆಲೆ ಏರಿಸಿ ತೋರಿಸುವುದಕ್ಕೆ, ಮರುರಫ್ತಿನ ಹೆಸರಿನಲ್ಲಿ ತರುವುದಕ್ಕೆ ಸಂದುಗಳಿದ್ದವು.

ಹಾಗಾದರೆ ಏನು ಕೇಳಬೇಕು?

ಬೋರ್ಡ್ ಮತ್ತೆ ಕೊಳ್ಳಲಿ ಎಂದು ಕೇಳಬೇಡಿ ಎಂಬುದು ನನ್ನ ಸಲಹೆ. ನಮ್ಮ ಕಾಫಿಯಲ್ಲಿ ಹೆಚ್ಚು ಪಾಲು ರಫ್ತಾಗುತ್ತದೆ, ಇಟಲಿ, ಜರ್ಮನಿ, ಬೆಲ್ಜಿಯಂ ಕಡೆಗೆ. ಜಗತ್ತಿನ ಉತ್ಪಾದನೆಯಲ್ಲಿ ನಮ್ಮದು ಶೇ 4ಕ್ಕಿಂತ ಕಡಿಮೆ. ಬೆಲೆ ಹಿಡಿದು ನಿಲ್ಲಿಸುವ ಶಕ್ತಿ ನಮಗಿಲ್ಲ, 2001ರಂಥ ವರ್ಷ ಬಂದರೆ ಬೋರ್ಡಿನ ಬೊಕ್ಕಸ ಒಂದೇ ಹಂಗಾಮಿಗೆ ಖಾಲಿ. ಬೆಲೆ ಏರಿದ ವರ್ಷ ನೀವೇ ಮೊದಲು ಬೋರ್ಡನ್ನು ಬಿಟ್ಟು ಹೊರಗೆ ಮಾರಲು ಹೊರಡುತ್ತೀರಿ, ಮನುಷ್ಯ ಸಹಜ. ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಕಾಫಿ ಇಲ್ಲ. ಸೇರಿಸಬೇಕೆಂಬ ಬೇಡಿಕೆ ಕೇಳಲು ಚೆಂದ. ಆದರೆ ಪಟ್ಟಿಯಲ್ಲಿರುವ ರಾಗಿ, ಜೋಳದವರ ಅನುಭವ ವಿಚಾರಿಸಿ: ಖರೀದಿ ಕೇಂದ್ರ ತೆರೆಯದಿದ್ದರೆ ಆ ಬೆಲೆ ಕಾಗದದ ಮೇಲೇ ಉಳಿಯುತ್ತದೆ.

ಕೇಳಬೇಕಾದದ್ದನ್ನು ನೋಡಲು ದೂರ ಹೋಗಬೇಕಿಲ್ಲ. ಕುಶಾಲನಗರ ದಾಟಿ ಪಿರಿಯಾಪಟ್ಟಣಕ್ಕೆ ಹೋಗಿ, ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಅರ್ಧ ದಿನ ನಿಂತು ನೋಡಿ. ಅಲ್ಲಿ ಮಂಡಳಿ ತಂಬಾಕು ಕೊಳ್ಳುವುದಿಲ್ಲ. ಕೊಳ್ಳುವವರು ಕಂಪನಿಗಳು, ಬೆಲೆ ಹರಾಜಿನಲ್ಲಿ ಹುಟ್ಟುತ್ತದೆ. ಆದರೆ ತೂಕ ಮಂಡಳಿಯದು, ಕೂಗುವವರು ಮಂಡಳಿಯಲ್ಲಿ ನೋಂದಾಯಿಸಿಕೊಂಡವರು, ಹಣ ರೈತನ ಖಾತೆಗೆ ಹೋಗುವುದು ಮಂಡಳಿಯ ಲೆಕ್ಕದ ಮೂಲಕ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲೂ ಸರ್ಕಾರದ ಪಾತ್ರ ಹೆಚ್ಚುಕಡಿಮೆ ಇದೇ. ಅಲ್ಲೂ ತಕರಾರುಗಳಿವೆ. ಕೊಳ್ಳುವವರು ಒಳಗೊಳಗೇ ಮಾತಾಡಿಕೊಂಡು ಬೆಲೆ ಇಳಿಸುತ್ತಾರೆ ಎಂದು ಹರಾಜು ನಿಲ್ಲಿಸಿ ಪ್ರತಿಭಟಿಸಿದ ದಿನಗಳಿವೆ. ತಂಬಾಕು ಮಂಡಳಿಯಂತೂ ಯಾರು ಎಷ್ಟು ಬೆಳೆಯಬೇಕು ಎಂಬುದಕ್ಕೂ ಮಿತಿ ಹಾಕುತ್ತದೆ, ಅದನ್ನು ಕಾಫಿಯವರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೆ ಮಾರಿದ ಸರಕಿಗೆ ಹಣವೇ ಬಾರದೆ, ಚೀಟಿ ಹಿಡಿದು ಬೀಗ ಹಾಕಿದ ಅಂಗಡಿಯ ಮುಂದೆ ನಿಲ್ಲುವ ಪಾಡು ಆ ಏರ್ಪಾಡಿನಲ್ಲಿ ಸುಲಭಕ್ಕೆ ಬರುವುದಿಲ್ಲ.

ಕಾಫಿಗೆ ಹರಾಜು ಕಟ್ಟೆಯೇ ಬೇಕೆಂದಿಲ್ಲ. ಬೆಳೆಗಾರನಿಂದ ಕೊಳ್ಳುವ ಪ್ರತಿ ವ್ಯಾಪಾರಿಯ ನೋಂದಣಿ, ಅವನ ವಹಿವಾಟಿಗೆ ತಕ್ಕ ಬ್ಯಾಂಕ್ ಗ್ಯಾರಂಟಿ, ರೇಟ್ ಮಾಡದೆ ಇಟ್ಟ ಕಾಫಿಯ ದಾಖಲೆ ಬೋರ್ಡಿಗೆ ಕಾಣುವಂಥ ವ್ಯವಸ್ಥೆ. ಇಷ್ಟು ಮೂರನ್ನು ಬೆಳೆಗಾರರ ಸಂಘಟನೆಗಳು ಹಟ ಹಿಡಿದು ಕೇಳಲಿ. ಇದರಿಂದ ನಷ್ಟವೂ ಉಂಟು, ಹೇಳಿಬಿಡುತ್ತೇನೆ. ಗ್ಯಾರಂಟಿ ಕಟ್ಟಲಾಗದ ಸಣ್ಣ ಏಜೆಂಟರು ಹಿಂದೆ ಸರಿಯುತ್ತಾರೆ, ಊರಿಗೆ ನಾಲ್ಕು ಜನ ಕೊಳ್ಳುವವರಿದ್ದಲ್ಲಿ ಇಬ್ಬರು ಉಳಿಯಬಹುದು, ಪೈಪೋಟಿ ತಗ್ಗಿ ಚೀಲಕ್ಕೆ ನೂರಿನ್ನೂರು ಕಡಿಮೆ ಸಿಗಬಹುದು. ಮಳೆಗಾಲದ ಕಷ್ಟಕ್ಕೆ ಚೀಟಿಯೂ ಇಲ್ಲದೆ ಮುಂಗಡ ಕೊಡುತ್ತಿದ್ದವನೂ ಅವನೇ ಸಣ್ಣ ಏಜೆಂಟ್ ಎಂಬುದನ್ನು ಮರೆಯುವಂತಿಲ್ಲ. ನೋಂದಣಿ ಕೊಡುವ ಮೇಜಿನಲ್ಲಿ ಲಂಚ ಹುಟ್ಟಿಕೊಂಡರೆ ಬೇಲಿಯೇ ಹೊಲ ಮೇಯ್ದಂತಾಗುತ್ತದೆ. ಪಟ್ಟಿ ಎಲ್ಲರ ಕಣ್ಣಿಗೂ ಬೀಳುವಂತೆ ಪ್ರತಿ ಪಂಚಾಯಿತಿಯಲ್ಲಿ ತೂಗುಹಾಕಿದರೆ ಆ ಭಯ ಸ್ವಲ್ಪ ತಗ್ಗುತ್ತದೆ. ಈ ಬೆಲೆ ತೆತ್ತರೂ ಬೇಕಾದ ನಿಯಮ ಇದು ಎಂಬುದು ನನ್ನ ಅಭಿಪ್ರಾಯ.

ಸಹಕಾರ ಸಂಘದ ಮೂಲಕ ಮಾರುವುದು ಇನ್ನೊಂದು ದಾರಿ. ಅದರ ಮೇಲೆ ನನಗೆ ಪ್ರೀತಿಯಿದೆ, ಕುರುಡು ನಂಬಿಕೆಯಿಲ್ಲ. ಸಂಘವೂ ನಿಮ್ಮ ವ್ಯಾಪಾರಿಯಂತೆಯೇ ದಾಸ್ತಾನಿನ ಮೇಲೆ ಪಣ ಕಟ್ಟಿದರೆ ಅವನಂತೆಯೇ ಮುಳುಗುತ್ತದೆ. ಮುಳುಗಿದ್ದನ್ನು ಕಂಡಿದ್ದೇನೆ. ಮಹಾಸಭೆಗೆ ಹೋಗಿ ‘ರೇಟ್ ಮಾಡದ ಚೀಲ ಎಷ್ಟಿದೆ, ಆ ಚೀಲ ಗೋದಾಮಿನಲ್ಲಿದೆಯೇ ಮಾರಿಹೋಗಿದೆಯೇ’ ಎಂದು ಎದ್ದು ನಿಂತು ಕೇಳುವ ನಾಲ್ಕು ಸದಸ್ಯರಿರುವ ಸಂಘವಾದರೆ ಸೇರಿ.

ಈ ಸಲದ ಬೆಳೆಗೆ ಕಾನೂನು ಬರುವ ತನಕ ಕಾಯಲಾಗದು. ಬೆಲೆ ಏರುವ ನಿರೀಕ್ಷೆಯಿದ್ದರೆ ಕಾಫಿಯನ್ನು ನಿಮ್ಮ ಮನೆಯಲ್ಲಿ ಇಡಿ, ಇಲ್ಲವೇ ನಿಮ್ಮ ಹೆಸರಿನಲ್ಲಿ ರಸೀದಿ ಕೊಡುವ, ಪರವಾನಗಿ ಇರುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಡಿ. ಕೊಳ್ಳುವವನ ಗೋದಾಮಿನಲ್ಲಿ ಇಡಬೇಡಿ. ಮನೆಯಲ್ಲಿಟ್ಟರೆ ಕಳ್ಳರ ಭಯ, ಮಳೆಗಾಲದ ತೇವದ ಭಯ, ಕೈಗೆ ಹಣ ತಡವಾಗುವ ಕಷ್ಟ ಎಲ್ಲ ಇದೆ. ಹಾಗಾಗಿ ಖರ್ಚಿಗೆ ಬೇಕಾದಷ್ಟು ಚೀಲವನ್ನು ಅಂದಿನ ರೇಟಿಗೆ ಮಾರಿ ಅಂದೇ ಖಾತೆಗೆ ಹಣ ಹಾಕಿಸಿಕೊಳ್ಳುವುದು, ಉಳಿದದ್ದನ್ನು ಇಡುವುದು ಕ್ಷೇಮ. 1 ಲಕ್ಷ ಮುಂಗಡಕ್ಕೆ 70 ಚೀಲ ಕೊಟ್ಟಿರಿ. ಅಂದಿನ ರೇಟಿಗೆ 15 ಚೀಲ ಮಾರಿದ್ದರೆ ಅಷ್ಟು ಹಣ ಬರುತ್ತಿತ್ತು.

ಓಟಿಯ (ಔಟ್‌ಟರ್ನ್) ಲೆಕ್ಕವನ್ನೂ ನೀವೇ ಮಾಡಿಸಿ. 50 ಕಿಲೋ ಚೆರಿಯಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಹಾಗೆ ಸಿಗುವ ಒಂದೊಂದು ಕಿಲೋ ಒಂದು ಪಾಯಿಂಟ್. ಪಾಯಿಂಟಿಗೆ 350 ರೂಪಾಯಿ ಎಂದಿಟ್ಟುಕೊಂಡರೆ ಓಟಿ 28ಕ್ಕೆ ಚೀಲಕ್ಕೆ 9,800, ಓಟಿ 26 ಎಂದು ಬರೆದುಕೊಂಡರೆ 9,100. 70 ಚೀಲಕ್ಕೆ 49,000 ರೂಪಾಯಿಯ ವ್ಯತ್ಯಾಸ, ಬರೀ ಒಂದು ಅಂಕಿಯಿಂದ. ತೇವಾಂಶದ ಕಡಿತವೂ ಹಾಗೆಯೇ. ರೋಬಸ್ಟ ಚೆರಿಗೆ ಶೇ 11ರವರೆಗೆ ತೇವ ಒಪ್ಪಿತ, ಅದಕ್ಕೂ ಕಡಿಮೆ ಒಣಗಿಸಿ ತೂಕ ಕಳೆದುಕೊಳ್ಳುವವರೂ ನಮ್ಮಲ್ಲಿ ಕಡಿಮೆ ಇಲ್ಲ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಈ ವರ್ಷದ ಮುದ್ರೆ ಇದೆಯೇ ಎಂದು ನೋಡಲು ನಾಚಿಕೆ ಬೇಡ.

ಗುಡ್ಡದ ವಿಷಯ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಮಾರುವ ಹಕ್ಕು ನಿಮ್ಮದು, ಆ ಹಕ್ಕನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟ ಜಾರಿದ್ದನ್ನು ನೀವು ನನಗಿಂತ ಹತ್ತಿರದಿಂದ ನೋಡಿರುತ್ತೀರಿ. ಅಂಥ ಮಳೆಗೆ ಯಾವ ಬೆಟ್ಟವೂ ನಡುಗುತ್ತದೆ, ನಿಜ. ಇಳಿಜಾರನ್ನು ರಸ್ತೆಗೆ, ಕಟ್ಟಡಕ್ಕೆ ನೆಟ್ಟಗೆ ಕಡಿದಲ್ಲಿ ಅದು ಬೇಗ ನಡುಗುತ್ತದೆ. ಅಲ್ಲೂ ಲೆಕ್ಕ ನಿಮ್ಮ ಚೀಲದ್ದೇ: ಲಾಭ ಮೇಲೆ ಕಟ್ಟುವವನಿಗೆ, ಮಣ್ಣು ಕುಸಿದರೆ ಕೆಳಗಿನ ಗದ್ದೆಯವನಿಗೆ. ಕೆಳಗಿನ ತೋಟ ನಿಮ್ಮದೇ ಆಗಿರುವುದರಿಂದ ನೀವು ಎರಡೂ ಕಡೆ ನಿಂತಿದ್ದೀರಿ. ಸಾಲದ ಒತ್ತಡದಲ್ಲಿ, ಅದೂ ಈ ಸಿಟ್ಟಿನ ತಿಂಗಳಲ್ಲಿ ಗುಡ್ಡ ಮಾರಬೇಡಿ. ನಿಮ್ಮ ಬ್ಯಾಂಕಿಗೆ ಹೋಗಿ ಸಾಲದ ಅವಧಿ ಮರುಹೊಂದಿಸಲು ಲಿಖಿತ ಅರ್ಜಿ ಕೊಡಿ. ಖಾತೆ ಬಾಕಿದಾರರ ಪಟ್ಟಿಗೆ ಸೇರುವ ಮೊದಲು ಕೇಳಿದವರಿಗೆ ದಾರಿ ಹೆಚ್ಚು, ಆಮೇಲೆ ಕೇಳಿದವರಿಗೆ ಕಡಿಮೆ.

ಕೊನೆಗೆ ಉಳಿದ ಬಾಕಿ. ಚೆಕ್ಕಿನ ಮೊಕದ್ದಮೆ 2 ಲಕ್ಷಕ್ಕೆ ಮಾತ್ರ. ಉಳಿದದ್ದಕ್ಕೆ ಸಿವಿಲ್ ದಾವೆ ಹೂಡಬೇಕು. ಬೆಲೆ ಗೊತ್ತು ಮಾಡಿರಲಿಲ್ಲವಲ್ಲ ಎಂದು ಅಧೈರ್ಯಪಡಬೇಡಿ, ಬೆಲೆ ನಿಗದಿಯಾಗದ ಮಾರಾಟದಲ್ಲಿ ಕೊಂಡವನು ನ್ಯಾಯವಾದ ಬೆಲೆ ಕೊಡಬೇಕೆಂದು 1930ರ ಸರಕು ಮಾರಾಟ ಕಾಯ್ದೆಯೇ ಹೇಳುತ್ತದೆ. ಯಾವ ದಿನದ ಬೆಲೆ ನ್ಯಾಯ ಎಂಬುದು ವಾದದ ವಿಷಯ, ನೀವು ರೇಟ್ ಮಾಡಿ ಎಂದು ಕೇಳಿದ ದಿನದ ವಾಟ್ಸ್ಆ್ಯಪ್ ಸಂದೇಶವಿದ್ದರೆ ಅದನ್ನು ಜೋಪಾನ ಮಾಡಿ. ದಾವೆಗೆ ಮೂರು ವರ್ಷದ ಮಿತಿ. ಸುರಕ್ಷಿತವಾಗಿರಲು ಚೀಲ ಹಾಕಿದ ದಿನದಿಂದಲೇ ಎಣಿಸಿ, 2027ರ ಫೆಬ್ರವರಿಗೆ ಮುಗಿಯುತ್ತದೆ. ಅಷ್ಟರೊಳಗೆ ವ್ಯಾಪಾರಿ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಆ ದಿನದಿಂದ ಹೊಸ ಎಣಿಕೆ. ಅದೇ ಗೋದಾಮಿಗೆ ಚೀಲ ಹಾಕಿದ ಬೇರೆಯವರೂ ಇರಲೇಬೇಕು, ಹುಡುಕಿ ಒಟ್ಟಾಗಿ ಹೋಗಿ. ಒಬ್ಬನೇ ಠಾಣೆಗೆ ಹೋದರೆ ‘ಇದು ಸಿವಿಲ್ ವ್ಯಾಜ್ಯ’ ಎಂದು ಕಳಿಸುತ್ತಾರೆ. ಹತ್ತು ಜನರ ಚೀಟಿಗಳಲ್ಲಿ ಒಂದೇ ರೀತಿಯ ವಂಚನೆ ಕಂಡರೆ ಅದೇ ಮಾತು ಹೇಳುವುದು ಕಷ್ಟ. ಪೂರ್ತಿ ಹಣ ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ. ಬ್ಯಾಂಕಿನ ಪಾಲು ಕಳೆದು ಅವರ ಬಳಿ ಆಸ್ತಿ ಉಳಿದಿದೆಯೇ ಎಂಬುದರ ಮೇಲೆ ಅದು ನಿಂತಿದೆ.

ಮತ್ತೆ ಆ ತೂಕದ ಚೀಟಿಗಳು. ಯಂತ್ರದಿಂದ ಬರುವ ನುಣುಪು ಕಾಗದದ ಚೀಟಿಯಾಗಿದ್ದರೆ ಅದರ ಅಕ್ಷರ ಒಂದೆರಡು ಮಳೆಗಾಲದಲ್ಲಿ ಮಾಸಿಹೋಗುತ್ತದೆ. ವಕೀಲರ ಬಳಿಗೆ ಹೋಗುವ ಮೊದಲೇ ಪ್ರತಿಯೊಂದರ ಎರಡು ಜೆರಾಕ್ಸ್ ತೆಗೆಸಿ, ಮೊಬೈಲಿನಲ್ಲಿ ಫೋಟೊ ಹಿಡಿದು ಮಗನಿಗೂ ಕಳಿಸಿಡಿ. ಮೂಲ ಚೀಟಿಗಳನ್ನು ಬಿಸಿಲು, ಒಲೆಯ ಶಾಖ ತಾಗದ ಕಡೆ ಒಂದು ಲಕೋಟೆಯಲ್ಲಿಟ್ಟು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ನ್ಯಾಯಾಲಯ ಕೇಳುವವರೆಗೆ ಯಾರ ಕೈಗೂ ಕೊಡಬೇಡಿ.